ಟರ್ಪಾಲು ಕಟ್ಟಲು ಎಷ್ಟು ಕೈ ಬೇಕು?

ಆಕಾಶವೇ ಕಳಚಿ ತಲೆ ಮೇಲೆ ಬಿತ್ತು ಎಂದು ನಾವು ಮಾತಿಗೆ ಹೇಳುತ್ತೇವೆ. ಹೋದ ತಿಂಗಳು ಚಾರ್ಮಾಡಿಯಲ್ಲಿ ನನ್ನ ತಲೆ ಮೇಲೆ ಅದು ನಿಜಕ್ಕೂ ಬಿತ್ತು. ನೀಲಿ ಬಣ್ಣದ್ದು. ಅಂಚಿಗೆಲ್ಲ ಹಿತ್ತಾಳೆಯ ರಿಂಗುಗಳು. ಹೊಸ ಪ್ಲಾಸ್ಟಿಕ್ಕಿನ ವಾಸನೆ.

ಅದರೊಳಗೆ ನಾನು ಬಲೆಗೆ ಬಿದ್ದ ಬಂಗುಡೆಯ ಹಾಗೆ ಒದ್ದಾಡುತ್ತಿದ್ದೆ. ಹೊರಗೆ ಯಾರೋ ನಗುವುದು ಕೇಳಿಸಿತು. ಗಂಡಸಿನ ನಗು. ಹೊಟ್ಟೆಯಿಂದ ಎದ್ದು, ನಡುವೆ ಕೆಮ್ಮಾಗಿ, ಮತ್ತೆ ನಗುವೇ ಆಗಿ ಹೊರಬಂದದ್ದು.

ನಾನು ಒದ್ದಾಡುವುದನ್ನು ನಿಲ್ಲಿಸಿದೆ. ಟರ್ಪಾಲಿನ ಅಡಿಯಲ್ಲಿ ಹಾಗೆಯೇ ಕುಳಿತೆ. ಯಾಕೆಂದರೆ ಆ ನಗು ನನ್ನ ಭಾವನದು. ಅದನ್ನು ಕೇಳಿ ತಿಂಗಳುಗಳೇ ಆಗಿದ್ದವು. ಹೊರಗೆ ಬಂದರೆ ಎಲ್ಲಿ ನಿಂತುಬಿಡುತ್ತದೋ ಎಂದು ಹೆದರಿಕೆ.

ಭಾವ ಎಂದರೆ ನನ್ನ ಜಲಜಕ್ಕನ ಗಂಡ, ಸದಾಶಿವ ಭಾವ. ಮನೆ ಬೆಳ್ತಂಗಡಿಗೆ ತಾಗಿದ ಲಾಯಿಲದಲ್ಲಿ. ಆದರೆ ಆಯುಷ್ಯದ ದೊಡ್ಡ ಪಾಲು ಕಳೆದದ್ದು ಗಲ್ಫಿನ ಒಂದು ಬಂದರಿನಲ್ಲಿ. ಅಲ್ಲಿ ಅವರು ರಿಗ್ಗರ್. ಕ್ರೇನು ಎತ್ತಬೇಕಾದ ಭಾರಕ್ಕೆ ಹಗ್ಗ, ಸರಪಳಿ, ಕೊಕ್ಕೆ ಹಾಕಿ, ಕೈಸನ್ನೆ ಮಾಡಿ, ಹಡಗಿನಿಂದ ನೆಲಕ್ಕೆ ಇಳಿಸುವ ಕೆಲಸ. ಕೊನೆಗೆ ಫೋರ್‌ಮನ್ ಆಗಿ, ಸಾಕೆನಿಸಿ ಊರಿಗೆ ಬಂದರು. ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ಸೂಟ್‌ಕೇಸನ್ನು ಅಟ್ಟಕ್ಕೆ ಹಾಕಿದರು. ಅದರ ಮೇಲೆ ಸರಿಯಾಗಿ ಧೂಳು ಕೂರುವ ಮೊದಲೇ ಸ್ಟ್ರೋಕ್ ಆಯಿತು.

ಮಾತಿಗೆ ಏನೂ ಆಗಲಿಲ್ಲ. ಕಾಲು ನಿಧಾನಕ್ಕೆ ಸರಿಯಾಯಿತು. ಎಡಗೈ ಮಾತ್ರ ಬರಲಿಲ್ಲ. ಬೆರಳುಗಳು ಒಳಕ್ಕೆ ಮಡಚಿಕೊಂಡು ಮುಷ್ಟಿಯಾಗಿ ನಿಂತವು. ಒಂದೊಂದೇ ಬಿಡಿಸಿದರೆ ಬಿಡಿಸಿಕೊಳ್ಳುತ್ತವೆ. ಬಿಟ್ಟರೆ ಮತ್ತೆ ಮುಷ್ಟಿ. ಭಾವ ಹೆಗಲ ಮೇಲಿನ ಟವೆಲು, ನಮ್ಮ ಬೈರಾಸನ್ನು ಇಳಿಸಿ ಆ ಕೈಯ ಮೇಲೆ ಹೊದ್ದುಕೊಂಡರು. ಕೈ ಮುಚ್ಚಿದ ಹಾಗೆ ಬಾಯಿಯೂ ಮುಚ್ಚಿತು. ಕೇಳಿದ್ದಕ್ಕೆ "ಆವು" ಎನ್ನುತ್ತಾರೆ. ಆಯ್ತು ಎಂದರ್ಥ. ಅದಕ್ಕಿಂತ ಹೆಚ್ಚಿಲ್ಲ.

ನಾವು ಸಂಬಂಧಿಕರು ಸುಮ್ಮನಿದ್ದೆವಾ? ಎಲ್ಲಾದರೂ ಉಂಟಾ! ನಾವು ಒಳ್ಳೆಯವರಲ್ಲವೇ? ಭಾವ ಬಾಳೆಹಣ್ಣಿಗೆ ಕೈ ಹಾಕಿದರೆ ಮೂರು ಜನ ಸುಲಿದು ಕೊಡುತ್ತಿದ್ದೆವು. ಚಪ್ಪಲಿ ಹಾಕಲು ಬಗ್ಗಿದರೆ ಇಬ್ಬರು ನೆಲಕ್ಕೆ ಕೂರುತ್ತಿದ್ದೆವು. ಅಂಗಿಯ ಬಟನ್ ಹಾಕುವಾಗ ಬಾಗಿಲ ಹೊರಗೆ ನಿಂತು "ಆಯ್ತಾ? ಆಯ್ತಾ?" ಎಂದು ಕೇಳುತ್ತಿದ್ದೆವು. ಭಾವ ಬಾಳೆಹಣ್ಣು ತಿನ್ನುವುದನ್ನೇ ಬಿಟ್ಟರು. ಬಟನ್ ಇರುವ ಅಂಗಿಯನ್ನೂ ಬಿಟ್ಟರು. ಹೊರಗೆ ಹೋಗುವುದನ್ನು ಬಿಟ್ಟ ಮೇಲೆ ಚಪ್ಪಲಿ ಯಾಕೆ?

ಅಕ್ಕನ ಕಷ್ಟ ಬೇರೆ. ಮದುವೆಯಾದಂದಿನಿಂದ ಅವಳು ಗಂಡನನ್ನು ಕಂಡದ್ದು ರಜೆಯ ಲೆಕ್ಕದಲ್ಲಿ. ವರ್ಷಕ್ಕೊಂದು ಸಲ, ಅದೂ ಅವರಿವರ ಗೃಹಪ್ರವೇಶ, ಭೂತದ ನೇಮ, ಮದುವೆಗಳಲ್ಲೇ ಮುಗಿಯುತ್ತಿತ್ತು. ಉಳಿದಂತೆ ಗಂಡ ಎಂದರೆ ಫೋನಿನಲ್ಲಿ ಒಂದು ಸ್ವರ. ಪಂಪು ಕೆಟ್ಟರೆ ಅವಳೇ ಬಿಚ್ಚುತ್ತಿದ್ದಳು. ಮಗಳಿಗೆ ಜ್ವರ ಬಂದರೆ ಅವಳೇ ಆಸ್ಪತ್ರೆಗೆ ಓಡುತ್ತಿದ್ದಳು. ಅಲ್ಲಿ ಅವರೂ ಹಾಗೆಯೇ, ಅನ್ನ ಸಾರು ಒಗೆತ ಎಲ್ಲ ಸ್ವಂತ. ಇಬ್ಬರಿಗೂ ಇನ್ನೊಬ್ಬರು ಬೇಕೆನ್ನುವ ಅಭ್ಯಾಸವೇ ಇಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ಎದ್ದು ಗಂಡನ ಬಟನ್ ಹಾಕು ಎಂದರೆ? ಅವಳಿಗೆ ಕೈ ಚಾಚಲು ಸಂಕೋಚ. ಅವರಿಗೆ ಕೈ ಕೊಡಲು ಸಂಕೋಚ.

"ಒಂದೇ ಮನೆಯಲ್ಲಿ ಇದ್ದೇವೆ ಮಾರಾಯ್ತಿ. ಅವರು ಅಲ್ಲಿ ದುಬೈ ಆಚೆ ಇದ್ದಾಗ ಇದಕ್ಕಿಂತ ಹತ್ತಿರ ಇದ್ದರು" ಎಂದು ಅಕ್ಕ ಒಮ್ಮೆ ನನ್ನ ಹತ್ತಿರ ಹೇಳಿದ್ದಳು. ಅತ್ತು ಅಲ್ಲ. ಬಸಳೆ ಸೋಸುತ್ತಾ.

ಅಷ್ಟರಲ್ಲಿ ಮಗಳು ಅಶ್ವಿನಿಗೆ ಮದುವೆ ನಿಶ್ಚಯವಾಯಿತು. ಅಶ್ವಿನಿ ಬಂಟ್ವಾಳದ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದಾಳೆ. ಹುಡುಗ ಒಳ್ಳೆಯವನು. ಮಾತುಕತೆಯ ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ಎಲ್ಲರೂ ಹೋದ ಮೇಲೆ ಭಾವ ಒಂದೇ ಒಂದು ವಾಕ್ಯ ಹೇಳಿದರು.

"ಧಾರೆ ನನ್ನ ತಮ್ಮ ಮತ್ತು ಅವನ ಹೆಂಡತಿ ಎರೀಲಿ."

ಧಾರೆ ಎಂದರೆ ನಿಮಗೆ ಗೊತ್ತು. ಮಂಟಪದಲ್ಲಿ ಮದುಮಗಳ ಅಪ್ಪ ಅಮ್ಮ ಇಬ್ಬರೂ ಗಿಂಡಿ ಹಿಡಿದು, ಜೋಡಿಯ ಕೂಡಿಸಿದ ಕೈಗಳ ಮೇಲೆ ನೀರು ಬಿಡಬೇಕು. ನಮ್ಮ ಮದುವೆಗಳಲ್ಲಿ ಮಿಕ್ಕದ್ದೆಲ್ಲ ಗದ್ದಲ. ಅದೊಂದೇ ಕ್ಷಣ ನಿಶ್ಶಬ್ದ.

ಅಶ್ವಿನಿ "ಅಪ್ಪ..." ಎಂದಳು. ಭಾವ ಬೈರಾಸು ಸರಿಮಾಡಿಕೊಂಡು ಒಳಗೆ ಹೋದರು. ಅಕ್ಕ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುವ ಸದ್ದು ಕೇಳುತ್ತಿತ್ತು.

ಮರುದಿನ ಅಶ್ವಿನಿ ನನಗೆ ಫೋನ್ ಮಾಡಿದಳು. "ಚಿಕ್ಕಮ್ಮ, ಕ್ಯಾಂಪಿಂಗ್ ಹೋಗುವ."

"ಎಂಥ ಕ್ಯಾಂಪಿಂಗ್? ಮದುವೆ ಹತ್ತಿರ ಬಂತಲ್ಲ!"

"ಅದಕ್ಕೇ. ಅಪ್ಪ ನನಗೆ ಪ್ರತಿ ಸಲ ಫೋನಿನಲ್ಲಿ ಹೇಳ್ತಿದ್ದರು, ಈ ರಜೆಯಲ್ಲಿ ಬಂದಾಗ ಕಾಡಿಗೆ ಹೋಗಿ ಟರ್ಪಾಲು ಕಟ್ಟಿ ಅದರ ಅಡಿಯಲ್ಲಿ ಊಟ ಮಾಡುವ ಅಂತ. ಒಂದು ಸಲವೂ ಆಗ್ಲಿಲ್ಲ. ಮದುವೆಯಾದ ಮೇಲೆ ಎಲ್ಲಿ ಆಗ್ತದೆ?"

ಆನ್‌ಲೈನಿನಲ್ಲಿ ಕ್ಯಾಂಪಿಂಗ್ ಟರ್ಪಾಲು ಅವಳು ಆಗಲೇ ತರಿಸಿದ್ದಳು. ಹಗ್ಗವನ್ನು ಬಂಟ್ವಾಳ ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ತಂದಿದ್ದಳು. ಗಂಟು ಹಾಕುವ ವಿಡಿಯೋಗಳನ್ನು ಮೊಬೈಲಿಗೆ ಇಳಿಸಿಟ್ಟಿದ್ದಳು (ಚಾರ್ಮಾಡಿಯಲ್ಲಿ ಸಿಗ್ನಲ್ ಹುಡುಕುವ ಬದಲು ನೇರ ಹೋಗಿ ಮಾತಾಡಿಸಿ ಬರುವುದೇ ಸುಲಭ). ಜಾಗ ನಾನು ಹೊಂದಿಸಿದೆ. ಮೂಡಬಿದ್ರೆಯಲ್ಲಿ ನನ್ನ ಜೊತೆ ಪಾಠ ಮಾಡುವ ಗೆಳತಿಗೆ ಚಾರ್ಮಾಡಿಯಲ್ಲಿರುವ ರಬ್ಬರ್ ತೋಟ, ಪಕ್ಕದಲ್ಲೊಂದು ತೋಡು. ಬೇಸಿಗೆಯಲ್ಲೂ ಮೊಣಕಾಲಷ್ಟು ನೀರು. ರಾತ್ರಿ ಉಳಿಯುವ ಮಾತೇ ಇಲ್ಲ, ಆನೆ ಬರುತ್ತದೆ. ಬೆಳಿಗ್ಗೆ ಹೋಗಿ, ಊಟ ಮಾಡಿ, ಬೆಳಕಿರುವಾಗಲೇ ವಾಪಸ್.

ಭಾವನನ್ನು ಹೊರಡಿಸುವುದು ಹೇಗೆ? ಮಗಳು ಹೋಗಿ ಎದುರು ನಿಂತು "ಅಪ್ಪ, ನೀವು ಬರದಿದ್ದರೆ ನಾನೂ ಚಿಕ್ಕಮ್ಮನೂ ಹೋಗಿ ಕಟ್ತೇವೆ" ಎಂದಳು. ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಲೇಸು ಕಟ್ಟುವ ಕಷ್ಟ ಬೇಡವೆಂದು ಅಂಟುವ ಪಟ್ಟಿಯ ಶೂ ಹಾಕುವ ಹೆಂಗಸು ನಾನು, ಈ ಅಂಕಣದ ಓದುಗರಿಗೂ ಅದು ಗೊತ್ತು. ಅವರು ಎದ್ದು ಬಂದು ಕಾರಿನಲ್ಲಿ ಕುಳಿತರು.

ಚಾರ್ಮಾಡಿ ತಲುಪುವವರೆಗೆ ಬೈರಾಸಿನ ಅಂಚು ಸರಿಮಾಡುತ್ತಲೇ ಇದ್ದರು.

ತೋಟದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಭಾವನನ್ನು ಕೂರಿಸಿದೆವು. ಅವರು ತೋಡಿನ ಕಡೆ ಮುಖ ಮಾಡಿ ಕುಳಿತರು. ಅಕ್ಕ ಅಕ್ಕಿ ಕಡುಬಿನಂಥ ಪುಂಡಿ ಮತ್ತು ಕೋಳಿ ಸುಕ್ಕದ ಡಬ್ಬಿಗಳನ್ನು ಇಳಿಸಿದಳು. ನಾನೂ ಅಶ್ವಿನಿಯೂ ಕೆಲಸಕ್ಕೆ ಇಳಿದೆವು.

ಸಂಗತಿ ಬಹಳ ಸುಲಭ. ವಿಡಿಯೋದಲ್ಲಿ. ಎರಡು ಮರಗಳ ನಡುವೆ ಒಂದು ಹಗ್ಗ ಬಿಗಿಯಬೇಕು. ಅದರ ಮೇಲೆ ಟರ್ಪಾಲನ್ನು ಹಾಕಿ, ಮನೆಯ ಮಾಡಿನ ಹಾಗೆ ಎರಡೂ ಕಡೆ ಇಳಿಸಿ, ಮೂಲೆಗಳನ್ನು ನೆಲದ ಗೂಟಕ್ಕೆ ಎಳೆದು ಕಟ್ಟಬೇಕು. ಮೊದಲ ಮರಕ್ಕೆ ಬೌಲೈನ್ ಎನ್ನುವ ಗಂಟು. ಎರಡನೆಯದಕ್ಕೆ ಲಾರಿಯವರು ಭಾರ ಬಿಗಿಯಲು ಹಾಕುವ ಗಂಟು. ಮೂಲೆಗಳಿಗೆ ಜಾರಿಸಿ ಬಿಗಿ ಮಾಡುವ ಮತ್ತೊಂದು.

ಬೌಲೈನಿಗೆ ವಿಡಿಯೋದವನು ಕಥೆ ಹೇಳುತ್ತಾನೆ. ಮೊಲ ಬಿಲದಿಂದ ಹೊರಗೆ ಬರುತ್ತದೆ, ಮರ ಸುತ್ತುತ್ತದೆ, ಮತ್ತೆ ಬಿಲಕ್ಕೆ ಇಳಿಯುತ್ತದೆ. ಆಗ ಗಂಟು. ನನ್ನ ಮೊಲ ಬಿಲದಿಂದ ಬಂತು. ಮರವನ್ನೂ ಸುತ್ತಿತು. ಆಮೇಲೆ ಊರು ಬಿಟ್ಟು ಹೋಯಿತು.

ಕೊನೆಗೆ ನಾನು ನನ್ನದೇ ಗಂಟು ಹಾಕಿದೆ. ಒಂದರ ಮೇಲೊಂದು, ಅದರ ಮೇಲೆ ಇನ್ನೊಂದು, ಭದ್ರತೆಗೆ ಮತ್ತೊಂದು. ಅಶ್ವಿನಿ ಆ ಕಡೆಯಿಂದ ಎಳೆದಳು. ಟರ್ಪಾಲು ಮೇಲೆದ್ದಿತು. ನಾವು ಚಪ್ಪಾಳೆ ತಟ್ಟಿದೆವು. ನಾನು ಉದ್ಘಾಟನೆಗೆಂದು ಒಳಗೆ ಕಾಲಿಟ್ಟೆ.

ಆಗಲೇ ಆಕಾಶ ಬಿದ್ದದ್ದು.

ಹೊರಗೆ ಬಂದಾಗ ಭಾವ ಕಣ್ಣೊರೆಸಿಕೊಳ್ಳುತ್ತಿದ್ದರು. ನಕ್ಕು ನಕ್ಕು ಬಂದ ನೀರು. "ಅದು ಗಂಟಲ್ಲ ಮಾರಾಯ್ತಿ" ಎಂದರು, "ಅದು ಜಡೆ."

ಇಡೀ ದಿನದಲ್ಲಿ ಅವರ ಮೊದಲ ಪೂರ್ತಿ ವಾಕ್ಯ! ನಾನು ಅವಮಾನವನ್ನು ಪ್ರಸಾದದ ಹಾಗೆ ಸ್ವೀಕರಿಸಿದೆ. "ಹಾಗಾದರೆ ನೀವು ಹಾಕಿ ತೋರಿಸಿ ಭಾವ" ಎಂದೆ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ.

ಭಾವ ಹಗ್ಗವನ್ನು ನೋಡಿದರು. ಆಮೇಲೆ ಎದ್ದರು.

ಮೊದಲು ಅಕ್ಕನ ಹತ್ತಿರ ಗೋಣಿಚೀಲ ಕೇಳಿದರು. ಮಡಚಿ ಮರಕ್ಕೆ ಸುತ್ತಿಸಿದರು. "ಬರಿಯ ಬಳ್ಳಿ ಬಿಗಿದರೆ ಮರದ ಚರ್ಮ ಹೋಗ್ತದೆ. ಹಾಲು ಕೊಡುವ ಮರ." ಮೂಡಬಿದ್ರೆಯ ಟೀಚರ್ ನಾನು ಹಗ್ಗ ಎಂದರೂ ಲಾಯಿಲದ ಭಾವನಿಗೆ ಅದು ಬಳ್ಳಿಯೇ. ಹಾಲು ಕೆತ್ತುವ ಜಾಗ ಬಿಟ್ಟು ಮೇಲೆ ಕಟ್ಟಬೇಕು ಎಂದೂ ಹೇಳಿದರು.

ಹಗ್ಗವನ್ನು ಮರಕ್ಕೆ ಬಳಸಿ, ತುದಿಯನ್ನು ಬಲಗೈಯಲ್ಲಿ ಹಿಡಿದು, ಮಣಿಕಟ್ಟನ್ನು ಹಗ್ಗದ ಅಡಿಯಿಂದ ತಿರುಗಿಸಿದರು. ಒಂದೇ ಕೈಯಲ್ಲಿ ಬೌಲೈನ್! ಹಡಗಿನವರಿಗೆ ಅದು ಬರುತ್ತದಂತೆ. ಒಂದು ಕೈ ಕಂಬಿ ಹಿಡಿದಿರುವಾಗ ಇನ್ನೊಂದರಲ್ಲಿ ಕಟ್ಟಿಕೊಳ್ಳಬೇಕಲ್ಲ? ಕುಣಿಕೆ ಮೂಡಿತು. ಬೆರಳುಗಳು ತುದಿಯನ್ನು ಸುತ್ತಿಸಿ ಒಳಗೆ ಎಳೆಯಲು ಹೊರಟವು. ಅಷ್ಟರಲ್ಲಿ ಹಗ್ಗ ಸಡಿಲವಾಗಿ ಕುಣಿಕೆ ಕರಗಿಹೋಯಿತು.

ಇನ್ನೊಮ್ಮೆ. ಮತ್ತೆ ಕರಗಿತು.

ಹಗ್ಗ ಆ ಕಡೆಯಿಂದ ಬಿಗಿಯಾಗಿ ಇದ್ದರೆ ಮಾತ್ರ ಒಂಟಿ ಕೈಗೆ ಆ ಗಂಟು ಬರುವುದು. ಇಲ್ಲಿ ಆ ಕಡೆ ಯಾವ ಹಡಗೂ ಇರಲಿಲ್ಲ. ಭಾವನ ಕಿವಿ ಕೆಂಪಾಯಿತು. ನಾನು ಇದ್ದಕ್ಕಿದ್ದಂತೆ ಗೂಟಗಳನ್ನು ಎಣಿಸತೊಡಗಿದೆ. ಅಶ್ವಿನಿ ತಡೆಯಲಾರದೆ "ಅಪ್ಪ, ಕೊಡಿ, ನಾನು..." ಎಂದು ಕೈ ಚಾಚಿದಳು.

"ನೀನು ನಿಲ್ಲು" ಎಂದಳು ಅಕ್ಕ.

ಅವಳು ಸುಕ್ಕದ ಡಬ್ಬಿಯನ್ನು ಕೆಳಗಿಟ್ಟು, ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದಳು. ಗಂಡನ ಕೈಯ ಹತ್ತಿರ ಹೋಗಲಿಲ್ಲ. ಗಂಟಿನ ಹತ್ತಿರವೂ ಹೋಗಲಿಲ್ಲ. ನಾಲ್ಕು ಹೆಜ್ಜೆ ಆಚೆ ನಿಂತು, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರ ಹಿಂದಕ್ಕೆ ಬಿಟ್ಟು ಎಳೆದು ನಿಂತಳು.

"ಬಿಡು ಜಲಜ" ಎಂದರು ಭಾವ.

"ಬಿಡುವುದಿಲ್ಲ. ನೀವು ಕಟ್ಟಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ರಬ್ಬರ್ ಮರದ ಒಣ ಎಲೆ ಒಂದು ಅಕ್ಕನ ತಲೆ ಮೇಲೆ ಬಿತ್ತು. ಅವಳು ಕೊಡವಲಿಲ್ಲ, ಕೈ ಖಾಲಿ ಇರಲಿಲ್ಲ. ಭಾವ ಮಣಿಕಟ್ಟು ತಿರುಗಿಸಿದರು. ಕುಣಿಕೆ ನಿಂತಿತು. ಬೆರಳು ಸುತ್ತಿತು, ತುದಿ ಒಳಗೆ ಹೋಯಿತು, ಗಂಟು ಬಿಗಿಯಿತು. ಎಷ್ಟು ಎಳೆದರೂ ಜಾರದ, ಬೇಕೆಂದಾಗ ಒತ್ತಿದರೆ ಬಿಚ್ಚಿಕೊಳ್ಳುವ ಗಂಟು.

"ಇನ್ನು ಆ ಮರ" ಎಂದರು ಭಾವ. ಸ್ವರದಲ್ಲಿ ಫೋರ್‌ಮನ್ ಬಂದಿದ್ದ.

ಎರಡನೆಯ ಮರದ ಗಂಟಿಗೆ ಎರಡು ಕೈ ಸಾಲದು ಎಂದು ನನ್ನ ಅನಿಸಿಕೆ. ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಮರ ಸುತ್ತಿಸಿ ತಂದು, ಆ ಕುಣಿಕೆಯೊಳಗೆ ಹಾಯಿಸಿ ಹಿಂದಕ್ಕೆ ಎಳೆಯಬೇಕು. ರಾಟೆಯ ಹಾಗೆ ಕೆಲಸ ಮಾಡುತ್ತದೆ, ಸ್ವಲ್ಪ ಎಳೆದರೆ ತುಂಬಾ ಬಿಗಿಯುತ್ತದೆ. ಆದರೆ ಎಳೆದದ್ದನ್ನು ಬಿಡದ ಹಾಗೆ ಇನ್ನೊಂದು ಕೈ ಅಲ್ಲೇ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಗಂಟು ಹಾಕುವಷ್ಟರಲ್ಲಿ ಬಿಗಿಯೆಲ್ಲ ಜಾರಿಹೋಗುತ್ತದೆ.

ಭಾವ ಬಲಗೈಯಲ್ಲಿ ಎಳೆದರು. "ಹಿಡಿ!"

"ಎಲ್ಲಿ?"

"ಅಲ್ಲಿ. ಕುಣಿಕೆಯ ಹತ್ತಿರ. ಬೆರಳಲ್ಲಿ ಒತ್ತು. ಹಬೀಸ್! ಹಬೀಸ್!"

"ಅದೆಂಥದು ಹಬೀಸ್?"

"ಎಳೀ ಅಂತ!"

"ಮತ್ತೆ ಹಾಗೆ ಹೇಳಿ!"

"ಜಾಸ್ತಿ ಆಯ್ತು. ಆರಿಯಾ, ಆರಿಯಾ!"

"ಇದು ನಿಮ್ಮ ಬಂದರಲ್ಲ. ನನಗೆ ತುಳುವಿನಲ್ಲಿ ಹೇಳಿ!"

(ನಾವು ಮನೆಯಲ್ಲಿ ಮಾತಾಡುವುದು ತುಳುವೇ. ಇಲ್ಲಿ ಎಲ್ಲರನ್ನೂ ಕನ್ನಡದಲ್ಲಿ ಮಾತಾಡಿಸಿದ್ದೇನೆ. ಜಗಳವನ್ನಾದರೂ ನೀವು ತುಳುವಿನಲ್ಲಿ ಊಹಿಸಿಕೊಳ್ಳಿ, ರುಚಿ ಜಾಸ್ತಿ.)

ಆರಿಯಾ ಎಂದರೆ ಸಡಿಲ ಬಿಡು ಎಂದು ಆಮೇಲೆ ತಿಳಿಯಿತು. ಅಕ್ಕ ತಪ್ಪು ಕಡೆ ಎಳೆದಳು. ಭಾವ ತಪ್ಪು ಹೊತ್ತಿಗೆ ಬಿಟ್ಟರು. ಹಗ್ಗ ಜಾರಿ ಇಬ್ಬರೂ ಹಿಂದಕ್ಕೆ ಮುಗ್ಗರಿಸಿದರು. "ನಿಮಗೆ ಹೇಳ್ಲಿಕ್ಕೆ ಬರುವುದಿಲ್ಲ", "ನಿನಗೆ ಕೇಳ್ಲಿಕ್ಕೆ ಬರುವುದಿಲ್ಲ" ಎಂದು ಗಟ್ಟಿಯಾಗಿ ಬೈದುಕೊಂಡರು. ಅಶ್ವಿನಿ ನನ್ನ ತೋಳು ಹಿಡಿದುಕೊಂಡು ಪಿಸುಗುಟ್ಟಿದಳು. "ಚಿಕ್ಕಮ್ಮ, ಇವರು ಜಗಳ ಮಾಡುವುದನ್ನು ನಾನು ಇವತ್ತೇ ನೋಡಿದ್ದು."

ಜಗಳವಾಡಲಿಕ್ಕೂ ಒಟ್ಟಿಗೆ ಇರಬೇಕಲ್ಲ?

ಕೊನೆಗೂ ಹಗ್ಗ ತಂತಿಯಂತೆ ಬಿಗಿಯಿತು. ಭಾವ ಅದನ್ನು ಮೀಟಿ ನೋಡಿದರು. ಟರ್ಪಾಲು ಹಾಕಿದೆವು. ಒಂದು ಮೂಲೆಯ ರಿಂಗು ನನ್ನ ಒದ್ದಾಟದಲ್ಲಿ ಕಿತ್ತುಹೋಗಿತ್ತು. "ಹೋಯ್ತು" ಎಂದೆ. ಭಾವ ತೋಡಿನಿಂದ ಒಂದು ಗುಂಡು ಕಲ್ಲು ತರಿಸಿದರು. ಅದನ್ನು ಆ ಮೂಲೆಯಲ್ಲಿಟ್ಟು, ಟರ್ಪಾಲನ್ನು ಕಲ್ಲಿನ ಸುತ್ತ ಚೀಲದ ಬಾಯಿಯ ಹಾಗೆ ಕೂಡಿಸಿ, ಹೊರಗಿನಿಂದ ಹಗ್ಗ ಬಿಗಿಸಿದರು. ರಿಂಗಿಗಿಂತ ಗಟ್ಟಿ. ಜಾರಿಸುವ ಗಂಟನ್ನು ಅಶ್ವಿನಿ ಎರಡನೆಯ ಸಲಕ್ಕೇ ಕಲಿತಳು. ನನಗೆ ಗೂಟ ಬಡಿಯುವ ಖಾತೆ ಸಿಕ್ಕಿತು. ಒಂದು ಮೂಲೆಯನ್ನು ಮಾತ್ರ ಉಳಿದವುಗಳಿಗಿಂತ ತಗ್ಗಿಸಿ ಕಟ್ಟಿಸಿದರು ಭಾವ. ಮಳೆ ಬಂದರೆ ನೀರಿಗೆ ಒಂದು ದಾರಿ ಬೇಕಂತೆ.

"ಬೇಸಿಗೆಯಲ್ಲಿ ಎಂಥ ಮಳೆ ಭಾವ?" ಎಂದು ನಾನು ನಕ್ಕೆ.

ಪುಂಡಿಗೆ ಸುಕ್ಕ ಸೇರಿಸಿ ಬಾಯಿಗೆ ಇಡುವಾಗ ಘಾಟಿಯ ಮೇಲೆ ಗುಡುಗಿತು.

ಆ ಮಳೆ ನಮ್ಮ ಕಡೆಯವರಿಗೆ ಹೊಸತಲ್ಲ. ಮುನ್ಸೂಚನೆ ಇಲ್ಲದೆ ಬರುತ್ತದೆ, ಗಾಳಿಯನ್ನು ಮೊದಲು ಕಳಿಸುತ್ತದೆ. ರಬ್ಬರ್ ಎಲೆಗಳು ಒಮ್ಮೆಗೇ ಎದ್ದು ಹಾರಿದವು. ದಪ್ಪ ಹನಿ ಟರ್ಪಾಲಿಗೆ ಬಡಿಯತೊಡಗಿತು. ನಾವು ನಾಲ್ವರೂ ಡಬ್ಬಿ ಎತ್ತಿಕೊಂಡು ನಡುವಿಗೆ ಸರಿದೆವು. ಎಲ್ಲಿಯೂ ಒಂದು ಹನಿ ಒಳಗೆ ಬರಲಿಲ್ಲ. ತಗ್ಗಿಸಿದ ಮೂಲೆಯಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ನಾನು ಭಾವನ ಕಡೆ ನೋಡಿದೆ. ಅವರು ತಲೆ ಎತ್ತಿ ಹಗ್ಗವನ್ನೇ ನೋಡುತ್ತಿದ್ದರು.

"ನೈಲಾನ್" ಎಂದರು. "ನೆನೆದರೆ ಉದ್ದ ಆಗ್ತದೆ."

ಹೇಳಿದ ಹಾಗೆಯೇ ಆಯಿತು. ಹಗ್ಗ ಜೋಲಿತು. ಟರ್ಪಾಲಿನ ಒಂದು ಬದಿಗೆ ಹೊಟ್ಟೆ ಬಂತು. ಅದರಲ್ಲಿ ನೀರು ತುಂಬತೊಡಗಿತು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಆಕಾಶದ ಎರಡನೆಯ ಪತನ, ಈ ಸಲ ನೀರಿನ ಸಮೇತ.

ಭಾವ ಬೈರಾಸನ್ನು ಕುರ್ಚಿಯ ಮೇಲೆ ಎಸೆದು ಮಳೆಗೆ ಇಳಿದರು. ಹಿಂದೆಯೇ ಅಕ್ಕ. "ಅಪ್ಪ, ಜಾರ್ತದೆ" ಎಂದು ಅಶ್ವಿನಿ ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಅಕ್ಕ ಗಂಟಿನ ತುದಿ ಎಳೆದಳು, ಅದು ಬಿಚ್ಚಿಕೊಂಡಿತು. ಭಾವ ಎಳೆದರು. ಅಕ್ಕ ಒತ್ತಿ ಹಿಡಿದಳು. ಒದ್ದೆ ಹಗ್ಗ, ಗಾಳಿ ಬೇರೆ ಟರ್ಪಾಲನ್ನು ಜಗ್ಗುತ್ತಿತ್ತು. ಅವಳ ಬೆರಳು ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. "ನನಗೆ ನಿಲ್ಲುವುದಿಲ್ಲ!" ಎಂದು ಕೂಗಿದಳು.

ಭಾವ ತಮ್ಮ ಎಡಗೈಯನ್ನು ನೋಡಿಕೊಂಡರು. ಅದು ಮಳೆಯಲ್ಲಿ ತೊಯ್ಯುತ್ತಾ ಎದೆಯ ಹತ್ತಿರ ಮಡಚಿಕೊಂಡಿತ್ತು.

"ಇದರಲ್ಲಿ ಸಿಕ್ಕಿಸು" ಎಂದರು.

ಅಕ್ಕನಿಗೆ ಅರ್ಥವಾಗಲಿಲ್ಲ.

"ಬೆರಳು ಬಿಡಿಸಿ ಬಳ್ಳಿ ಒಳಗೆ ಇಡು ಜಲಜ. ಇದಕ್ಕೆ ಬಿಡ್ಲಿಕ್ಕೆ ಬರುವುದಿಲ್ಲ. ಹಿಡೀಲಿಕ್ಕೆ ಬರ್ತದಲ್ಲ?"

ಮಳೆಯ ಸದ್ದಿನಲ್ಲೂ ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಕ್ಕ ಗಂಡನ ಎಡಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಕಿರುಬೆರಳು ಬಿಡಿಸಿದಳು. ಆಮೇಲೆ ಪಕ್ಕದ್ದು. ಆಮೇಲೆ ನಡುಬೆರಳು. ಅವಸರವಿತ್ತು, ಟರ್ಪಾಲು ಹರಿದುಹೋಗುವುದರಲ್ಲಿತ್ತು. ಆದರೂ ಅವಳು ಮಗುವಿಗೆ ಬಳೆ ತೊಡಿಸುವಷ್ಟು ನಿಧಾನವಾಗಿ ಬಿಡಿಸಿದಳು. ಹಗ್ಗವನ್ನು ಅಂಗೈಗೆ ಅಡ್ಡ ಇಟ್ಟಳು. ಕೈ ತಾನಾಗಿ ಮುಚ್ಚಿಕೊಂಡಿತು. ಭಾವ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಹಗ್ಗ ಒಂದಿಷ್ಟೂ ಜಾರಲಿಲ್ಲ.

ಅವರು ಹಿಡಿದು ನಿಂತರು. ಈ ಸಲ ಗಂಟು ಹಾಕಿದವಳು ಅಕ್ಕ.

ನಾನು ತೋಡಿನ ಕಡೆ ತಿರುಗಿದೆ. ತೋಡಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅಶ್ವಿನಿಯೂ ಅದನ್ನೇ ನೋಡುತ್ತಿದ್ದಳು.

ಮಳೆ ಬಂದ ಹಾಗೆಯೇ ಹೋಯಿತು. ಇಬ್ಬರೂ ಒಳಗೆ ಬಂದು, ತೊಪ್ಪೆಯಾಗಿ, ಒಂದೇ ಬೈರಾಸಿನಲ್ಲಿ ಸರದಿ ಮೇಲೆ ತಲೆ ಒರೆಸಿಕೊಂಡರು. ಅಕ್ಕ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಭಾವ ಬಾಳೆಹಣ್ಣು ಕೇಳಿದರು. ನಾನು ಸುಲಿಯಲು ಹೊರಟವಳು ಅಶ್ವಿನಿಯ ಕಣ್ಸನ್ನೆ ಕಂಡು ಸುಮ್ಮನೆ ಕೈಗೆ ಕೊಟ್ಟೆ. ಅವರು ತೊಟ್ಟನ್ನು ಹಲ್ಲಿನಿಂದ ಮುರಿದು, ಆರಾಮಾಗಿ ಸುಲಿದು ತಿಂದರು. ಇಷ್ಟು ದಿನ ಹಾಗೆ ಸುಲಿಯಲು ನಾವು ಬಿಟ್ಟಿರಲೇ ಇಲ್ಲ.

ವಾಪಸ್ ಬರುವಾಗ ಮುಂಡಾಜೆ ದಾಟಿ ಉಜಿರೆ ಬರುವವರೆಗೂ ಮಾತು ಮದುವೆಯ ಊಟದ ಬಗ್ಗೆ. ಉಜಿರೆಯ ಹತ್ತಿರ ಭಾವ ಇದ್ದಕ್ಕಿದ್ದಂತೆ ಹಿಂದಕ್ಕೆ ತಿರುಗಿ ಅಕ್ಕನನ್ನು ಕೇಳಿದರು.

"ಆ ಗಿಂಡಿಯ ಕುತ್ತಿಗೆ ಎಷ್ಟು ದಪ್ಪ ಉಂಟು?"

ನಾನು ಆಕ್ಸಿಲೇಟರಿನಿಂದ ಕಾಲು ತೆಗೆದೆ.

"ಯಾವ ಗಿಂಡಿ?" ಎಂದಳು ಅಕ್ಕ. ಅವಳಿಗೆ ಚೆನ್ನಾಗಿ ಗೊತ್ತಿತ್ತು ಯಾವುದೆಂದು.

"ಧಾರೆಯದ್ದು."

"ಮನೆಗೆ ಹೋಗಿ ನೋಡುವ" ಎಂದಳು. ಅಷ್ಟೇ. ಹಿಂದಿನ ಸೀಟಿನಲ್ಲಿ ಅಶ್ವಿನಿ ಕಿಟಕಿಯ ಗಾಜು ಇಳಿಸಿ ಮುಖವನ್ನು ಗಾಳಿಗೆ ಒಡ್ಡಿದಳು. ನಾನು ಗೇರು ಬದಲಿಸುವ ನೆಪದಲ್ಲಿ ಮೂಗು ಎಳೆದುಕೊಂಡೆ.

ಮದುವೆ ಮೊನ್ನೆ ಮೂಡಬಿದ್ರೆಯ ಸಭಾಭವನದಲ್ಲಿ ಆಯಿತು. ಧಾರೆಯ ಮುಹೂರ್ತಕ್ಕೆ ಭಾವ ಬಿಳಿ ಪಂಚೆ, ಬಟನ್ ಇರುವ ಬಿಳಿ ಅಂಗಿ ಹಾಕಿ, ಹೆಗಲಿಗೆ ಶಾಲು ಹೊದ್ದು ಮಂಟಪಕ್ಕೆ ಬಂದರು. ಅಕ್ಕ ಎಲ್ಲರ ಎದುರಿನಲ್ಲಿ ಅವರ ಎಡಗೈಯ ಬೆರಳುಗಳನ್ನು ಬಿಡಿಸಿ ಗಿಂಡಿಯ ಕುತ್ತಿಗೆಗೆ ಕೂರಿಸಿದಳು. ಅದರ ಮೇಲೆ ತನ್ನ ಕೈ ಇಟ್ಟಳು. ತಾಳಮೇಳ ತಪ್ಪದೆ ಎಲ್ಲ ಆಗಲು ಸ್ವಲ್ಪ ಜಾಸ್ತಿಯೇ ಹೊತ್ತು ಹಿಡಿಯಿತು. ಪುರೋಹಿತರು ಮಂತ್ರವನ್ನು ಎಳೆದು ಹೇಳಿ ಕಾದರು, ಅವರಿಗೆ ಪುಣ್ಯ ಬರಲಿ.

ಕಾಯದವನು ವಿಡಿಯೋದ ಹುಡುಗ ಒಬ್ಬನೇ. ಒಳ್ಳೆಯ ಮನಸ್ಸಿನಿಂದಲೇ ಬಗ್ಗಿ ಹೇಳಿದ: "ಅಂಕಲ್, ಆ ಶಾಲನ್ನು ಸ್ವಲ್ಪ ಎಡಗೈ ಮೇಲೆ ಹಾಕುವ. ಫ್ರೇಮಿನಲ್ಲಿ ಕಾಣ್ತದೆ."

ಭಾವ ತಲೆ ಎತ್ತಲಿಲ್ಲ. ನೀರು ಇನ್ನೂ ಬೀಳುತ್ತಿತ್ತು, ಅವರ ಕಣ್ಣು ಮಗಳ ಕೈ ಮೇಲಿತ್ತು. ಉತ್ತರ ಕೊಟ್ಟವಳು ಅಕ್ಕ.

"ಕಾಣ್ಲಿ ಮಾರಾಯ. ಅದೇ ಅಲ್ಲವಾ ಹಿಡಿದುಕೊಂಡದ್ದು?"

ಹುಡುಗ ಕ್ಯಾಮೆರಾವನ್ನು ಇನ್ನಷ್ಟು ಹತ್ತಿರ ತಂದ.

ಅಂದಿನಿಂದ ನನಗೆ ಒಂದೇ ಯೋಚನೆ. ಕಷ್ಟದಲ್ಲಿರುವವರ ಕೈಯಿಂದ ಕೆಲಸ ಕಿತ್ತುಕೊಂಡು ಮಾಡಿಕೊಡುವುದನ್ನು ನಾವು ಪ್ರೀತಿ ಎನ್ನುತ್ತೇವೆ. ಅದು ನಮಗೆ ಬೇಗ ಮುಗಿಯುತ್ತದೆ, ಮನಸ್ಸಿಗೂ ಹಿತ. ಆಚೆ ನಿಂತು, ಬಿಗಿಯಾಗಿ ಹಿಡಿದು, ಅವರು ಕಟ್ಟುವವರೆಗೆ ಕಾಯುವುದಕ್ಕೆ ಮೈಯಲ್ಲೂ ಮನಸ್ಸಿನಲ್ಲೂ ಬಲ ಬೇಕು.

ಸಹಾಯ ಮಾಡುವುದು ನಮಗೆಲ್ಲ ಚೆನ್ನಾಗಿ ಗೊತ್ತು, ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಯಾರಾದರೂ ಕಲಿಸಿದ್ದಾರಾ?